ಮಾಳಿಗೆಯ ಮೇಲೆ ಕೌದಿಯ ಮುಸುಕು

ಕಳೆದ ಮೇ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಸಮೀಪದ ನಮ್ಮೂರಿಗೆ ಹೋದಾಗ, ಸೆಕೆ ತಾಳದೆ ಎಲ್ಲರೂ ಮಾಳಿಗೆಯ ಮೇಲೆ ಮಲಗಿದ್ದೆವು. ನಡುರಾತ್ರಿ ಎಚ್ಚರವಾಗಿ ನೋಡಿದರೆ, ಕಾಲೇಜಿಗೆ ಹೋಗುವ ಅಕ್ಕನ ಮಗ ಆ ಧಗೆಯಲ್ಲಿಯೂ ತಲೆಯ ತುಂಬ ಕೌದಿ ಹೊದ್ದುಕೊಂಡಿದ್ದ. ಅದರ ಅಂಚಿನಿಂದ ಮೊಬೈಲಿನ ನೀಲಿ ಬೆಳಕು ಸೋರುತ್ತಿತ್ತು. ಅವನು ಏನು ನೋಡುತ್ತಿರಬಹುದೆಂದು ಊಹಿಸುವುದು ನನಗೆ ಕಷ್ಟವಾಗಲಿಲ್ಲ. ಅಂಥದೇ ಮುಸುಕಿನೊಳಗೆ ನಾನೂ ಕೆಲವು ವರ್ಷಗಳನ್ನು ಕಳೆದವನು.

ಗುಳೇದಗುಡ್ಡಕ್ಕೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1851ರಲ್ಲಿ ಬಂದರು. ಅಂದಿನಿಂದ ಯೇಸುವಿನ ಸುವಾರ್ತೆ ಕೇಳುತ್ತ ಬಂದಿರುವ ನಮ್ಮ ಕಡೆಯ ಕ್ರೈಸ್ತ ಸಭೆಗಳಲ್ಲಿ, ಕುಡಿತ ಬಿಟ್ಟವನು ಎಲ್ಲರೆದುರು ಎದ್ದು ನಿಂತು ಸಾಕ್ಷಿ ಹೇಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ; ಆದರೆ ಹೊಲಸು ವಿಡಿಯೋಗಳ ಚಟ ಬಿಟ್ಟೆನೆಂದು ಎದ್ದು ನಿಂತವನನ್ನು ಒಮ್ಮೆಯೂ ಕಂಡಿಲ್ಲ. ನಾನು ಬೆಳೆಯುವಾಗ ಕೇಳಿದ ಚರ್ಚಿನ ಉಪದೇಶಗಳಲ್ಲಿ ಶೀಲದ ಮಾತು ಬಂದೊಡನೆ ಅದು ಹುಡುಗಿಯರ ಉಡುಪಿನ ಕಡೆಗೆ ಹೊರಳಿಬಿಡುತ್ತಿತ್ತು. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಸ್ವಾಮಿ ಮಾತಾಡುವುದು ಹೆಂಗಸನ್ನು ಮೋಹದ ಕಣ್ಣಿನಿಂದ ನೋಡುವ ಗಂಡಸಿನ ಕುರಿತು. ಕಿತ್ತು ಬಿಸಾಡಬೇಕೆಂದು ಹೇಳುವುದು ಅವನ ಬಲಗಣ್ಣನ್ನು. ಅವಳು ಏನು ಉಟ್ಟಿದ್ದಳೆಂಬ ಪ್ರಸ್ತಾಪವೇ ಅಲ್ಲಿಲ್ಲ.

ಮಾಳಿಗೆ ಎಂದೊಡನೆ ನನಗೆ ಬೈಬಲ್ಲಿನ ಅರಸ ದಾವೀದ ನೆನಪಾಗುತ್ತಾನೆ. ಸಂಜೆ ಅರಮನೆಯ ಮಾಳಿಗೆಯ ಮೇಲಿಂದ ಸ್ನಾನ ಮಾಡುತ್ತಿದ್ದವಳನ್ನು ನೋಡಿ ಅವಳು ಯಾರೆಂದು ವಿಚಾರಿಸಿದಾಗ, ಎಲೀಯಾಮನ ಮಗಳು, ಊರೀಯನ ಹೆಂಡತಿ ಎಂಬ ಉತ್ತರ ಬಂತು. ಯಾರ ಮಗಳು, ಯಾರ ಮನೆಯವಳು ಎಂದು ಮೊದಲು ಕೇಳುವುದು ನಮ್ಮೂರಿನ ರೂಢಿಯೂ ಹೌದು. ದಾವೀದ ಆ ಉತ್ತರವನ್ನು ದಾಟಿ ಹೋದ. ಊರೀಯನ ಕೊಲೆಯವರೆಗೂ ಹೋದ. ಮೊಬೈಲಿನ ಪರದೆಯಲ್ಲಾದರೋ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿರುವವಳು ಒಪ್ಪಿ ಬಂದಳೋ, ಯಾರಾದರೂ ದೂಡಿದರೋ, ಅವಳ ವಯಸ್ಸೆಷ್ಟೋ ನೋಡುವವನಿಗೆ ತಿಳಿಯದು, ಬೇಕಾಗಿಯೂ ಇಲ್ಲ. ದೇವರ ಸ್ವರೂಪದಲ್ಲಿ ಸೃಷ್ಟಿಯಾದವಳು ಬೆರಳಿನಿಂದ ಸರಿಸಿಬಿಡುವ ಚಿತ್ರವಾಗುತ್ತಾಳೆ. ಕ್ರೈಸ್ತನಾಗಿ ನಾನು ಇದನ್ನೇ ಎಲ್ಲಕ್ಕಿಂತ ದೊಡ್ಡ ಕೇಡೆಂದು ಎಣಿಸುತ್ತೇನೆ. ನೋಡುವವನಿಗೆ ಆಗುವ ಕೇಡೂ ಸಣ್ಣದಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಎದುರಿಗೆ ಕುಳಿತು ಮಾತಾಡುತ್ತಿದ್ದರೆ, ನಾನು ಒಳಗೊಳಗೇ ಅವಳನ್ನು ಪರದೆಯ ಮೇಲಿನವರೊಂದಿಗೆ ತೂಗುತ್ತಿದ್ದೆ. ಪೌಲನು ಕೊರಿಂಥದವರಿಗೆ ಬರೆದ ಮಾತಿನಲ್ಲಿ ನಮ್ಮ ಕನ್ನಡ ಬೈಬಲ್ಲು ದೇಹವನ್ನು ಗರ್ಭಗುಡಿ ಎಂದು ಕರೆದಿದೆ; ಕಂಡದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುವ ಜಾಗಕ್ಕೆ ನಮ್ಮಲ್ಲಿ ಯಾರೂ ಆ ಹೆಸರಿಡುವುದಿಲ್ಲ.

ನಾನಿರುವ ಡಲ್ಲಾಸಿನಲ್ಲಿ ಇದರ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಾರೆ. ಇಂಥ ತಾಣಗಳು ನೋಡುಗರ ವಯಸ್ಸನ್ನು ಖಚಿತಪಡಿಸಿಕೊಳ್ಳಬೇಕೆಂದು ಟೆಕ್ಸಾಸ್ ರಾಜ್ಯ 2023ರಲ್ಲಿ ಕಾನೂನು ಮಾಡಿತು; 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಭಾರತ ಸರಕಾರವೂ 2015ರಲ್ಲಿ 857 ತಾಣಗಳನ್ನು ತಡೆಯಲು ಆದೇಶಿಸಿ, ಕೆಲವೇ ದಿನಗಳಲ್ಲಿ ಹಿಡಿತ ಸಡಿಲಿಸಿತ್ತು. ಫೋನಿನಲ್ಲಿ ನಾವು ನೋಡಿದ್ದನ್ನು ನಂಬಿಕೆಯ ಗೆಳೆಯನಿಗೆ ವರದಿ ಮಾಡುವ ತಂತ್ರಾಂಶಗಳೂ ಇಲ್ಲಿವೆ. 2000ದಲ್ಲಿ ಆರಂಭವಾದ ‘ಕವನೆಂಟ್ ಐಸ್’ ಎಂಬುದರ ಹೆಸರು, ಕಣ್ಣುಗಳೊಡನೆ ಒಡಂಬಡಿಕೆ ಮಾಡಿಕೊಂಡೆನೆಂಬ, ಬೈಬಲ್ಲಿನ ಯೋಬನ ಮಾತಿನಿಂದ ಬಂದದ್ದು. ನಾನೂ ಅಂಥದೊಂದನ್ನು ಕೆಲವು ತಿಂಗಳು ಹಾಕಿಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅದನ್ನು ತಪ್ಪಿಸುವ ದಾರಿ ಹುಡುಕುವುದರಲ್ಲೇ ನನ್ನ ಜಾಣ್ಮೆಯೆಲ್ಲ ಖರ್ಚಾಯಿತು. ನನ್ನನ್ನು ಬಿಡಿಸಿದ್ದು, ವಾರಕ್ಕೊಮ್ಮೆ ನಸುಕಿನಲ್ಲಿ ಐದಾರು ಗಂಡಸರು ಕಾಫಿ ಹಿಡಿದು ಕುಳಿತು, ಈ ವಾರ ಬಿದ್ದೆನೋ ನಿಂತೆನೋ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಕೂಟ. ಅವರಲ್ಲಿ ಯಾರ ಮನೆಯ ಒಳಗನ್ನೂ ನಾನು ಕಂಡಿಲ್ಲ. ನಮ್ಮೂರಿನಲ್ಲಾದರೆ ಮುಖ ಸಣ್ಣಗಾದರೂ ಕಟ್ಟೆಯ ಮೇಲಿನವರು ಕರೆದು ಕೇಳುತ್ತಾರೆ. ಅಷ್ಟು ಹತ್ತಿರವಿದ್ದೂ ಈ ಒಂದು ಮಾತಿಗೆ ನಮ್ಮಲ್ಲಿ ಜಾಗವಿಲ್ಲವೆಂಬುದು ನನಗೆ ಸಿಟ್ಟು ತರಿಸುತ್ತದೆ.

ಊರಿನ ಮಾಳಿಗೆಯ ಮೇಲೆ ಮರುದಿನ ರಾತ್ರಿ ಹಾಸಿಗೆಯನ್ನು ಅಕ್ಕನ ಮಗನ ಪಕ್ಕಕ್ಕೆ ಎಳೆದುಕೊಂಡು, ಮೊದಲು ನನ್ನ ಕಥೆಯನ್ನೇ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದವನು, "ಮಾಮಾ, ಖರೇನ ನೀವೂ ನೋಡ್ತಿದ್ರೇನು?" ಎಂದ. ಹೌದೆನ್ನುವಷ್ಟರಲ್ಲಿ ಅಕ್ಕ ನೀರಿನ ತಂಬಿಗೆ ಹಿಡಿದು ಮೇಲೆ ಬಂದು, "ಇನ್ನೂ ಮಲಗಿಲ್ಲೇನು? ಏನ ಮಾತಾಡಾಕತ್ತೀರಿ?" ಎಂದು ಕೇಳಿದಳು.

"ದಾವೀದನ ಕತಿ, ಅಕ್ಕಾ" ಎಂದೆ. ಕತ್ತಲಲ್ಲಿ ಹುಡುಗ ನಕ್ಕ.