ಕೋಲಿನ ಲೆಕ್ಕ

ಕಳೆದ ವಾರ ಸೋದರಳಿಯ ಫೋನು ಮಾಡಿ, ‘ಮಾವ, ಎಲೆಚುಕ್ಕಿ ರೋಗ ಮೇಲಿನ ತೋಟಕ್ಕೂ ಬಂತು, ಇನ್ನು ಅಡಿಕೆಯ ಸಹವಾಸ ಸಾಕು’ ಎಂದ. ‘ಧೈರ್ಯಗೆಡಬೇಡ, ಎಲ್ಲ ಸರಿಹೋಗುತ್ತದೆ’ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದರೂ ಆಡಲಿಲ್ಲ. ಎಲ್ಲ ಸರಿಹೋಗುತ್ತದೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕಷ್ಟದಲ್ಲಿರುವವರಿಗೆ ಹೇಳುವುದು ಅವರಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಅವನಿಗೆ ಅಪ್ಪನ ಸುರಂಗದ ಕತೆ ಹೇಳಿದೆ.

ಕಾಸರಗೋಡಿನ ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಯವರಿಗೆ ಸುರಂಗವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದ ಒಡಲಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಿಂತು ಸಾಗುವಷ್ಟೇ ಎತ್ತರ ಅಗಲಗಳಲ್ಲಿ ಕೊರೆಯುತ್ತ ಹೋಗಿ, ಒಳಗೆ ಒಸರುವ ನೀರನ್ನು ಪಂಪಿನ ಹಂಗಿಲ್ಲದೆ ಹೊರಗೆ ಹರಿಸಿಕೊಳ್ಳುವ ವ್ಯವಸ್ಥೆ ಅದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮೂರಲ್ಲಿ ಮಾರ್ಚ್ ಬಂದರೆ ಗುಡ್ಡದ ಮನೆಗಳಿಗೆ ಕುಡಿಯುವ ನೀರಿಗೂ ತತ್ವಾರವಾಗುತ್ತದೆ. ತೋಡಿದ ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಒಳಗೆ ಹೋದಂತೆ ಗಾಳಿ ಕಡಿಮೆಯಾಗುವುದರಿಂದ ದೀಪ ಹಚ್ಚಿಟ್ಟುಕೊಂಡೇ ಕೆಲಸ, ದೀಪ ಮಂಕಾದರೆ ಹೊರಗೆ ಬರಬೇಕು.

1983ರ ಬೇಸಿಗೆಯಲ್ಲಿ ನಮ್ಮ ಬಾವಿ ಬತ್ತಿತು. ಅಪ್ಪ, ಜೊತೆಗೆ ತೋಡುವುದರಲ್ಲಿ ಪಳಗಿದ ಹಿರಿಯರೊಬ್ಬರು, ಇಬ್ಬರೇ ಕೆಲಸಕ್ಕಿಳಿದರು. ಸಂಜೆ ಮೈತುಂಬ ಕೆಂಪು ಮಣ್ಣು ಮೆತ್ತಿಕೊಂಡು ಬಂದ ಅಪ್ಪ ಕೈಕಾಲು ತೊಳೆಯುವ ಮೊದಲು ಹಟ್ಟಿಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಒಂದು ಕೋಲಿಗೆ ಒಂದು ಉದ್ದ ಗೆರೆ, ಅರ್ಧ ಕೋಲಿಗೆ ಗಿಡ್ಡ ಗೆರೆ. ಮೂವತ್ತೆಂಟು ಉದ್ದ ಗೆರೆಗಳಾದ ಮೇಲೆ ಕರ್ಗಲ್ಲು ಸಿಕ್ಕಿತು. ಪಿಕ್ಕಾಸಿಗೆ ಕಿಡಿ ಹಾರಿತೇ ಹೊರತು ಒಂದು ಚೂರೂ ಏಳಲಿಲ್ಲ. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ‘ಈ ಬದಿಯಲ್ಲಿಲ್ಲ, ಪಡು ಬದಿ ನೋಡುವ’ ಎಂದು ಪಿಕ್ಕಾಸು ಹೆಗಲಿಗೇರಿಸಿದರು.

ಎರಡನೆಯ ಸುರಂಗದಲ್ಲಿ ನೀರಿನ ಸುಳಿವು ಮೊದಲು ತಿಳಿದದ್ದು ಅಮ್ಮನಿಗೆ. ಮಣ್ಣಿನ ಬುಟ್ಟಿ ಹೊತ್ತು ಸುರಿಯುತ್ತಿದ್ದವರು ಅವರು. ಒಂದು ಮಧ್ಯಾಹ್ನ ಬುಟ್ಟಿ ಇಳಿಸಿ, ‘ಇವತ್ತು ಮಣ್ಣು ಕೈಗೆ ಅಂಟುತ್ತಿದೆ’ ಎಂದರು. ಅಂಗೈಯಲ್ಲಿ ಹಿಸುಕಿದ ಮಣ್ಣು ಉಂಡೆಯಾಗಿ ನಿಂತಿತ್ತು. ನೀರು ಹರಿದದ್ದು ಅದಾಗಿ ಹನ್ನೊಂದು ಕೋಲು ಸಾಗಿದ ಮೇಲೆ, ಕಿರುಬೆರಳಿನಷ್ಟು ಧಾರೆಯಾಗಿ.

ಗಡಿಯಾಚೆ, ಕರ್ನಾಟಕದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರದು ಇದಕ್ಕಿಂತ ಬಹಳ ದೊಡ್ಡ ಸಾಧನೆ. ಹಗಲು ಬೇರೆಯವರ ತೋಟದಲ್ಲಿ ಕೂಲಿ, ರಾತ್ರಿ ದೀಪದ ಬೆಳಕಿನಲ್ಲಿ ತನ್ನ ಎರಡೆಕರೆ ಬೋಳುಗುಡ್ಡದಲ್ಲಿ ಒಬ್ಬರೇ ತೋಡುವ ಕೆಲಸ. ಒಂದರ ಹಿಂದೊಂದು ಸುರಂಗ ಬರಿದಾದರೂ ಬಿಡದೆ ಕೊನೆಗೆ ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ತಮ್ಮವರಿಗೇ ಬಂದಷ್ಟು ಸಂತೋಷಪಟ್ಟರು. ಆದರೆ ಆ ಪ್ರಶಸ್ತಿಯ ಬೆಳಕಿನಲ್ಲಿ ಬರಿದಾದ ಸುರಂಗಗಳ ವರ್ಷಗಳನ್ನು ನಾವು ಬೇಗ ದಾಟಿಬಿಡುತ್ತೇವೆ. ಒಂದು ಸುರಂಗ ಬರಿದಾದ ಮೇಲೂ ನಾಯ್ಕರು ಮತ್ತೆ ಎದ್ದು ಹೋದರಲ್ಲ, ನನಗೆ ನಂಬಿಕೆ ಕಾಣುವುದು ಅಲ್ಲಿ.

ನಂಬಿಕೆಯನ್ನು ನಾವು ಹಲವು ಬಾರಿ ಹಟವೆಂದು ತಪ್ಪು ತಿಳಿಯುತ್ತೇವೆ. ಅಪ್ಪ ಹಟಮಾರಿಯಾಗಿದ್ದರೆ ಆ ಕರ್ಗಲ್ಲನ್ನೇ ಕುಟ್ಟುತ್ತ ಕೈಮುರಿದುಕೊಳ್ಳುತ್ತಿದ್ದರು. ಅವರ ನಂಬಿಕೆಯಿದ್ದದ್ದು ಗುಡ್ಡದೊಳಗಿನ ನೀರಿನ ಮೇಲೆ, ತಾನು ತೋಡಿದ ಬಿಲದ ಮೇಲಲ್ಲ; ಹಾಗಾಗಿಯೇ ಮೂವತ್ತೆಂಟು ಕೋಲಿನ ಶ್ರಮವನ್ನು ಬಿಟ್ಟು ಮತ್ತೆ ಸೊನ್ನೆಯಿಂದ ತೊಡಗುವುದು ಅವರಿಗೆ ಸಾಧ್ಯವಾಯಿತು. ಇನ್ನೊಂದು ಮಾತನ್ನೂ ಹೇಳಲೇಬೇಕು. ತೋಡುವ ಕೆಲಸ ನಡೆದಷ್ಟು ಕಾಲ ನಮಗೆ ದಿನಕ್ಕೆ ನಾಲ್ಕು ಕೊಡ ನೀರು ಕೊಟ್ಟದ್ದು ನೆರೆಮನೆಯವರು, ಅದೂ ಅವರ ಬಾವಿಯ ತಳ ಕಾಣುತ್ತಿದ್ದ ದಿನಗಳಲ್ಲಿ. ಆ ನಾಲ್ಕು ಕೊಡ ಇಲ್ಲದಿದ್ದರೆ ಅಪ್ಪನ ಛಲ ಒಂದು ವಾರವೂ ಬಾಳುತ್ತಿರಲಿಲ್ಲ. ಕುಸಿದವರನ್ನು ಮನೋಬಲವಿಲ್ಲದವರೆಂದು ಜರೆಯುವುದನ್ನು ಕೇಳಿದಾಗಲೆಲ್ಲ, ಅವರಿಗೆ ಕೊಡ ತುಂಬಿಸಿಕೊಟ್ಟವರು ಯಾರಾದರೂ ಇದ್ದರೇ ಎಂದು ಕೇಳಬೇಕೆನಿಸುತ್ತದೆ.

ಅಳಿಯ ಎಲ್ಲವನ್ನೂ ಕೇಳಿಸಿಕೊಂಡು, ‘ಮಾವ, ಭಾನುವಾರ ಬರುತ್ತೀರಾ?’ ಎಂದಷ್ಟೇ ಕೇಳಿದ. ಹೋದೆ. ರೋಗ ತಗಲಿದ ಸೋಗೆಗಳನ್ನು ದೋಟಿಯಿಂದ ಇಳಿಸಿ, ರಾಶಿ ಹಾಕಿ, ತೋಟದ ಹೊರಗೆ ಸುಟ್ಟೆವು. ಸಂಜೆಯ ಹೊತ್ತಿಗೆ ನಲವತ್ತು ಮರಗಳಾದವು. ಇನ್ನೂರ ಅರುವತ್ತು ಬಾಕಿಯಿವೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೇ ಹೊರಡುತ್ತೇನೆಂದು ಅವನಿಗೆ ಹೇಳಿದ್ದೇನೆ.