ಜಗಲಿ ಮೇಲಿನ ಎಲೆಕ್ಟ್ರಾನುಗಳು

ಒಂದಕ್ಕಿಂತ ಎರಡು ಜಾಸ್ತಿ, ಎರಡಕ್ಕಿಂತ ಮೂರು ಜಾಸ್ತಿ. ಇದಕ್ಕೆ ಯಾರ ತಕರಾರೂ ಇಲ್ಲ. ಆದರೆ ಕಾರ್ಬನ್ ಪರಮಾಣುಗಳ ಹತ್ತಿರ ಹೋದರೆ ಈ ಲೆಕ್ಕ ಸ್ವಲ್ಪ ಕೈಕೊಡುತ್ತದೆ.

ಎರಡು ಕಾರ್ಬನ್‌ಗಳ ನಡುವೆ ಒಂದೇ ಬಂಧವಿದ್ದರೆ ಅದನ್ನು ಮುರಿಯಲು ಮೋಲ್‌ಗೆ, ಅಂದರೆ ಅಣುಗಳನ್ನು ಎಣಿಸುವ ಒಂದು ದೊಡ್ಡ ಗಂಟಿಗೆ, ಸುಮಾರು 347 ಕಿಲೋಜೂಲ್ ಶಕ್ತಿ ಬೇಕು. ಕಾರ್ಬನ್, ಹೈಡ್ರೋಜನ್ ಮಾತ್ರ ಇರುವ ಅಣುಗಳಲ್ಲಿ ಅದು ಆಲ್ಕೇನ್‌ಗಳ ಮನೆತನ. ಆಲ್ಕೀನ್‌ನಲ್ಲಿ ಬಂಧ ಎರಡು. ಹಾಗಾದರೆ 694 ಆಗಬೇಕಿತ್ತು ಅಲ್ವಾ? ಆಗುವುದು ಸುಮಾರು 611. ಮೂರು ಬಂಧದ ಆಲ್ಕೈನ್‌ನಲ್ಲಿ ಇನ್ನೂ ಖೋತಾ. 1041 ಇರಬೇಕಾದ ಕಡೆ 837ರ ಆಸುಪಾಸು. ಒಟ್ಟು ಬಲ ಹೆಚ್ಚಿದೆ ನಿಜ, ಕಾರ್ಬನ್‌ಗಳು ಹತ್ತಿರವೂ ಬಂದಿವೆ. 154 ಪಿಕೋಮೀಟರ್ (ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪಿಕೋಮೀಟರ್) ಇದ್ದ ದೂರ 134ಕ್ಕೆ, ಆಮೇಲೆ 120ಕ್ಕೆ ಇಳಿಯುತ್ತದೆ. ಆದರೆ ಆಮೇಲೆ ಸೇರಿದ ಬಂಧಗಳು ಮೊದಲನೆಯದರಷ್ಟು ಗಟ್ಟಿಯಲ್ಲ. ನನ್ನ ಪ್ರಕಾರ ಆಲ್ಕೀನ್, ಆಲ್ಕೈನ್‌ಗಳ ಕಥೆಯೆಲ್ಲ ಈ ಖೋತಾದಲ್ಲೇ ಇದೆ.

ಮೊದಲ ಬಂಧದ ಹೆಸರು ಸಿಗ್ಮಾ. ಅದರ ಎಲೆಕ್ಟ್ರಾನುಗಳು ಎರಡು ಕಾರ್ಬನ್‌ಗಳ ನಟ್ಟನಡುವೆ ಕೂತಿರುತ್ತವೆ. ಎರಡನೆಯದು ಪೈ. ನಡುವೆ ಜಾಗ ಖಾಲಿ ಇಲ್ಲದ ಕಾರಣ ಅದರ ಎಲೆಕ್ಟ್ರಾನುಗಳು ಬಂಧದ ಮೇಲೆ ಮತ್ತು ಕೆಳಗೆ ಹರಡಿಕೊಳ್ಳುತ್ತವೆ. ಸಿಗ್ಮಾದವರು ಒಳಮನೆಯವರು, ಪೈನವರು ಜಗಲಿ ಮೇಲೆ ಕೂತವರು. ದಾರಿಯಲ್ಲಿ ಯಾರೇ ಹೋಗಲಿ, ಮೊದಲು ಮಾತಿಗೆ ಸಿಗುವವರು ಜಗಲಿಯವರೇ.

ಬ್ರೋಮಿನ್ ಪರೀಕ್ಷೆಯಲ್ಲಿ ಆಗುವುದೂ ಇದೇ. ಆರು ಕಾರ್ಬನ್‌ಗಳ ಆಲ್ಕೇನ್ ಹೆಕ್ಸೇನ್, ಅಷ್ಟೇ ಕಾರ್ಬನ್‌ಗಳ ಆಲ್ಕೀನ್ ಹೆಕ್ಸೀನ್, ಎರಡೂ ನೋಡಲು ನೀರಿನಂತೆ ತಿಳಿ. ಎರಡಕ್ಕೂ ಕಂದುಗೆಂಪು ಬ್ರೋಮಿನ್ ದ್ರಾವಣ ತೊಟ್ಟು ತೊಟ್ಟಾಗಿ ಬಿಡಿ. ಬಿಸಿಲು ಬೀಳದಿದ್ದರೆ ಹೆಕ್ಸೇನ್‌ನಲ್ಲಿ ಬಣ್ಣ ಹಾಗೇ ನಿಲ್ಲುತ್ತದೆ. ಹೆಕ್ಸೀನ್‌ನಲ್ಲಿ ತೊಟ್ಟು ಬಿದ್ದ ಕಡೆ ಕೆಂಪು ಕಾಣುತ್ತದೆ, ಕೊಳವೆ ಅಲ್ಲಾಡಿಸುವಷ್ಟರಲ್ಲಿ ಮಾಯ. ಬ್ರೋಮಿನ್ ಅಣು ಹತ್ತಿರ ಬಂದ ಕೂಡಲೇ ಪೈ ಎಲೆಕ್ಟ್ರಾನುಗಳು ಅದರ ಒಂದು ಪರಮಾಣುವನ್ನು ಹಿಡಿದುಕೊಳ್ಳುತ್ತವೆ. ಇನ್ನೊಂದು ಪರಮಾಣು ವಿದ್ಯುದಾವೇಶ ಹೊತ್ತು, ಅಂದರೆ ಅಯಾನಾಗಿ ಬಿಟ್ಟುಹೋಗುತ್ತದೆ. ಹೋಗಿದ್ದು ಸುಮ್ನೆ ಇರುವುದಿಲ್ಲ. ಸುತ್ತಿ ಬಂದು ಎದುರು ಮಗ್ಗುಲಿಂದ ಇನ್ನೊಂದು ಕಾರ್ಬನ್‌ಗೆ ಅಂಟುತ್ತದೆ. ಪೈ ಬಂಧ ಹೋಯಿತು, ಸಿಗ್ಮಾ ಉಳಿಯಿತು. ಇದು ಸಂಕಲನ ಕ್ರಿಯೆ. ಇಷ್ಟು ಸಲೀಸಾಗಿ ಕಣ್ಣಿಗೆ ಕಾಣುವ ರಸಾಯನಶಾಸ್ತ್ರ ಕಡಿಮೆ.

ಪೈ ಬಂಧಕ್ಕೆ ಇನ್ನೊಂದು ಹಟವಿದೆ. ಸಿಗ್ಮಾ ಒಂದೇ ಇದ್ದಾಗ ಎರಡು ಕಾರ್ಬನ್‌ಗಳೂ ಬೇಕಾದ ಹಾಗೆ ತಿರುಗಬಹುದು. ಪೈ ಬಂತೆಂದರೆ ತಿರುಗುವಂತಿಲ್ಲ. ತಿರುಗಿದರೆ ಆ ಬಂಧವೇ ಹರಿಯುತ್ತದೆ. ಹಾಗಾಗಿ ಆಚೀಚೆಯ ಸರಪಳಿಗಳು ಒಂದೇ ಮಗ್ಗುಲಲ್ಲಿದ್ದರೆ ಸಿಸ್, ಎದುರು ಬದುರಾದರೆ ಟ್ರಾನ್ಸ್. ಸಣ್ಣ ವಿಷಯ ಅನ್ನಿಸಬಹುದು. ಆದರೆ ಸ್ಟಿಯರಿಕ್ ಆಮ್ಲ ನೋಡಿ. 18 ಕಾರ್ಬನ್‌ಗಳ ನೇರ ಸರಪಳಿ, ಕರಗುವುದು ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದೇ ಉದ್ದದ ಸರಪಳಿಯ ನಡುವೆ ಒಂದೇ ಒಂದು ಸಿಸ್ ದ್ವಿಬಂಧ ಇಟ್ಟರೆ ಓಲಿಯಿಕ್ ಆಮ್ಲ. ಸರಪಳಿ ಸೊಂಟದಲ್ಲಿ ಬಾಗುತ್ತದೆ, ಅಣುಗಳು ಒತ್ತಾಗಿ ಕೂರಲಾರವು, 13-14 ಡಿಗ್ರಿಗೇ ಕರಗುತ್ತದೆ. ಆ ದ್ವಿಬಂಧವನ್ನು ಟ್ರಾನ್ಸ್ ಮಾಡಿದರೆ ಮತ್ತೆ 45ರ ಹತ್ತಿರ. ಎಣ್ಣೆ ಹರಿಯುವುದೂ ಕೊಬ್ಬು ಹೆಪ್ಪುಗಟ್ಟುವುದೂ ಬಹುಪಾಲು ಈ ಸೊಂಟದ ಮೇಲೆ ನಿಂತಿದೆ.

ಕಣ್ಣಿನೊಳಗಿನ ರೆಟಿನಾಲ್ ಎಂಬ ಅಣುವಿನಲ್ಲಿ ಈ ಹಟವನ್ನು ಬೆಳಕೇ ಮುರಿಯುತ್ತದೆ. ಬೆಳಕು ತಾಗಿದಾಗ ಅದರ ಒಂದು ದ್ವಿಬಂಧ ಸಿಸ್‌ನಿಂದ ಟ್ರಾನ್ಸ್‌ಗೆ ಹೊರಳುತ್ತದೆ. ತಗಲುವ ಸಮಯ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನೋಡುವುದೆಂಬುದು ಶುರುವಾಗುವುದೇ ಅಲ್ಲಿಂದ.

ಆಲ್ಕೀನ್‌ಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಎಥಿಲೀನ್. 1901ರಲ್ಲಿ ರಷ್ಯಾದ ಸಸ್ಯಶಾಸ್ತ್ರಜ್ಞ ನೆಲ್ಯುಬೋವ್, ಪ್ರಯೋಗಾಲಯದ ಬಟಾಣಿ ಸಸಿಗಳು ಅಡ್ಡಾದಿಡ್ಡಿ ಬೆಳೆಯುವುದಕ್ಕೆ ದೀಪದ ಗ್ಯಾಸಿನಲ್ಲಿದ್ದ ಎಥಿಲೀನ್ ಕಾರಣ ಎಂದು ಹಿಡಿದರು. 1934ರಲ್ಲಿ ಗೇನ್ ಎಂಬ ವಿಜ್ಞಾನಿ, ಮಾಗುವ ಸೇಬು ತಾನೇ ಎಥಿಲೀನ್ ಬಿಡುತ್ತದೆಂದು ತೋರಿಸಿದರು. ಗಿಡ ಅದನ್ನು ಗುರುತಿಸುವ ಬಗೆ ನೋಡಿ. ಗ್ರಾಹಕ ಪ್ರೋಟೀನಿನಲ್ಲಿ ಒಂದು ತಾಮ್ರದ ಅಯಾನು ಕೂತಿದೆ, ಎಥಿಲೀನ್‌ನ ಪೈ ಎಲೆಕ್ಟ್ರಾನುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಕಾಯಿ ಹಣ್ಣಾಗಲು ಅಷ್ಟು ಸಾಕು. ಅಸಿಟಿಲೀನ್ ಎಂಬ ಆಲ್ಕೈನ್‌ಗೂ ಪೈ ಎಲೆಕ್ಟ್ರಾನುಗಳಿರುವುದರಿಂದ ಅದೂ ಈ ಕೆಲಸ ಮಾಡುತ್ತದೆ, ಆದರೆ ಅಷ್ಟು ಚುರುಕಾಗಿ ಅಲ್ಲ.

ಅಸಿಟಿಲೀನ್ ಅಂದಾಗ ಸ್ವಲ್ಪ ಹುಷಾರಾಗಿರಬೇಕು. ಆಲ್ಕೈನ್‌ಗಳಲ್ಲಿ ಮೊದಲನೆಯದು ಇದು. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಹಾಕಿದರೆ ಹುಟ್ಟುತ್ತದೆ. ಆಮ್ಲಜನಕದ ಜೊತೆ ಉರಿದರೆ ಜ್ವಾಲೆ 3000 ಡಿಗ್ರಿ ದಾಟುತ್ತದೆ, ಉಕ್ಕು ಕರಗುತ್ತದೆ. ಒಳಗೆ ಎಷ್ಟು ಶಕ್ತಿ ತುಂಬಿದೆ ಎಂದರೆ ಒತ್ತಡ ಹಾಕಿದರೆ ಗಾಳಿಯ ಹಂಗಿಲ್ಲದೆ ತಾನೇ ಸಿಡಿದು ಕಾರ್ಬನ್ ಮತ್ತು ಹೈಡ್ರೋಜನ್ ಆಗಬಲ್ಲದು. ಹಾಗಾಗಿ ಬೇರೆ ಅನಿಲಗಳ ಹಾಗೆ ಸಿಲಿಂಡರಿಗೆ ಒತ್ತಿ ತುಂಬುವಂತಿಲ್ಲ. ಸಿಲಿಂಡರಿನಲ್ಲಿ ಸಣ್ಣ ತೂತುಗಳ ಒಂದು ವಸ್ತು, ಅದು ಹೀರಿಕೊಂಡ ಅಸಿಟೋನ್, ಅದರೊಳಗೆ ಕರಗಿದ ಅಸಿಟಿಲೀನ್. ಇಷ್ಟೆಲ್ಲ ಉಪಚಾರ ಬೇಕು. ಅಂಥ ತೂತುಗಳ ವಸ್ತುವೊಂದನ್ನು ಸ್ವೀಡನ್ನಿನ ಗುಸ್ತಾಫ್ ಡಾಲೆನ್ ಮಾಡಿದರು. ದೀಪಸ್ತಂಭಗಳ ಅಸಿಟಿಲೀನ್ ದೀಪ ತಾನಾಗಿ ಹತ್ತಿ ಆರುವ ಸಾಧನಕ್ಕಾಗಿ 1912ರ ಭೌತಶಾಸ್ತ್ರದ ನೊಬೆಲ್ ಅವರಿಗೆ ಬಂತು. ಅದೇ ವರ್ಷ ಅಸಿಟಿಲೀನ್ ಸ್ಫೋಟದಲ್ಲಿ ಅವರ ಎರಡೂ ಕಣ್ಣು ಹೋಗಿದ್ದವು. ಆಮೇಲೂ 1937ರಲ್ಲಿ ತೀರಿಕೊಳ್ಳುವವರೆಗೆ ಅವರು ಕಂಪನಿ ನಡೆಸಿದರು.

ಇಷ್ಟು ಸಿಡುಕಿನ ಆಲ್ಕೈನ್ ಬ್ರೋಮಿನ್ ಎದುರು ಮಾತ್ರ ಆಲ್ಕೀನ್‌ಗಿಂತ ನಿಧಾನ. ಎರಡು ಪೈ ಬಂಧ ಇದ್ದರೂ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಪಠ್ಯಗಳು ಆಲ್ಕೈನನ್ನು ಆಲ್ಕೀನ್‌ನ ದೊಡ್ಡಣ್ಣನ ಹಾಗೆ ಎರಡೇ ಪುಟದಲ್ಲಿ ಮುಗಿಸುವುದು ಅದಕ್ಕೇ ನನಗೆ ಸರಿ ಕಾಣುವುದಿಲ್ಲ.

ಹೈಡ್ರೋಜನ್ ಸೇರಿಸುವಾಗಲೂ ಆಲ್ಕೈನ್‌ನದು ಬೇರೆ ತಾಪತ್ರಯ. ಕ್ರಿಯೆಗೆ ವೇಗ ಕೊಡಲು ಸಾಮಾನ್ಯ ಪಲ್ಲಾಡಿಯಂ ಲೋಹ ಇಟ್ಟರೆ ಕ್ರಿಯೆ ಆಲ್ಕೀನ್‌ನಲ್ಲಿ ನಿಲ್ಲದೆ ಸೀದಾ ಆಲ್ಕೇನ್‌ಗೆ ಓಡುತ್ತದೆ. ನಡುವೆ ನಿಲ್ಲಿಸಲು ರಸಾಯನಶಾಸ್ತ್ರಜ್ಞ ಲಿಂಡ್ಲಾರ್ 1952ರಲ್ಲಿ ಒಂದು ಉಪಾಯ ಮಾಡಿದರು. ಪಲ್ಲಾಡಿಯಂಗೆ ಸೀಸದ ವಿಷ ಹಾಕಿ ಬೇಕೆಂದೇ ಸೋಮಾರಿ ಮಾಡಿದರು. ಆಗ ಸಿಗುವುದು ಬಾಗಿದ ಸಿಸ್. ನೆಟ್ಟಗಿನ ಟ್ರಾನ್ಸ್ ಬೇಕಾದರೆ ದ್ರವ ಅಮೋನಿಯಾದಲ್ಲಿ ಸೋಡಿಯಂ ಕರಗಿಸಬೇಕು. ಆ ದ್ರಾವಣ ಕಡುನೀಲಿ, ಮತ್ತು ಮೈನಸ್ 33 ಡಿಗ್ರಿಗಿಂತ ತಣ್ಣಗಿಡದಿದ್ದರೆ ಅಮೋನಿಯಾ ಕುದಿದು ಹೋಗುತ್ತದೆ.