ಕಿವಿಯ ಖುಷಿ, ಕಣ್ಣಿನ ಖುಷಿ

ಯಕ್ಷಗಾನಕ್ಕೂ ಕಥಕಳಿಗೂ ನೆಂಟಸ್ತನ ಇದೆ ಅನ್ನುವುದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡರಲ್ಲೂ ಚೆಂಡೆ ಇದೆ, ರಾಮಾಯಣ ಭಾರತದ ಕತೆಗಳಿವೆ. ಎರಡರಲ್ಲೂ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ ಇಡುತ್ತಾರೆ. ನಮ್ಮ ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ ಯಕ್ಷಗಾನದ, ಬಣ್ಣದ ವೇಷದಲ್ಲಿ (ರಾಕ್ಷಸ ಪಾತ್ರಗಳಲ್ಲಿ) ಅದು ಮುಳ್ಳು ಮುಳ್ಳಾಗಿ ಎದ್ದು ನಿಲ್ಲುತ್ತದೆ. ಕಥಕಳಿಯಲ್ಲಿ ದವಡೆಯ ಸುತ್ತ ಬಿಳಿ ಅಂಚಾಗುತ್ತದೆ. ಆದರೆ ವೇಷ ರಂಗಕ್ಕೆ ಬಂದ ಮೇಲೆ ದಾರಿ ಬೇರೆ. ಕಥಕಳಿಯ ರಾವಣ ರಾತ್ರಿಯಿಡೀ ಒಂದು ಮಾತೂ ಆಡುವುದಿಲ್ಲ. ಹಾಡುವವರು ಹಿಂದೆ ನಿಂತು ಹಾಡುತ್ತಾರೆ. ಅವನು 24 ಮೂಲ ಮುದ್ರೆಗಳನ್ನು ಕೂಡಿಸುತ್ತಾ, ಕಣ್ಣು ಹುಬ್ಬು ಕುಣಿಸುತ್ತಾ ಎಲ್ಲವನ್ನೂ ಹೇಳಿ ಮುಗಿಸುತ್ತಾನೆ. ನಮ್ಮ ರಾವಣ ಬಾಯಿ ಬಿಡದಿದ್ದರೆ ಜನ ಎದ್ದು ಹೋಗುತ್ತಾರೆ.

ಗಡಿಯ ಈ ಬದಿಯಲ್ಲಿ, ಕೇರಳದ ಕಾಸರಗೋಡಿನಲ್ಲಿ ಬೆಳೆದು, ಮಲಯಾಳಿ ನೆರೆಕರೆಯವರ ಜೊತೆ ಬದುಕುತ್ತಿರುವ ನನಗೆ ಇಬ್ಬರ ಸ್ವಭಾವದ ವ್ಯತ್ಯಾಸವೂ ಇಲ್ಲೇ ಇದೆ ಅನಿಸುತ್ತದೆ. ಕನ್ನಡದವರ ಖುಷಿ ಜಾಸ್ತಿ ಕಿವಿಯದ್ದು. ಅವರದ್ದು ಕಣ್ಣಿನದ್ದು.

ಯಕ್ಷಗಾನದ್ದೇ ಮಾತಿನ ರೂಪವಾದ ತಾಳಮದ್ದಳೆಯನ್ನೇ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ಪರದೆ ಇಲ್ಲ. ಹಾಡುವ ಭಾಗವತರು, ಚೆಂಡೆ ಮದ್ದಳೆಯವರು, ಎದುರುಬದುರು ಕೂತು ಪಾತ್ರಗಳ ಮಾತಾಡುವ ಅರ್ಥಧಾರಿಗಳು, ಅಷ್ಟೆ. ವಾಲಿ ಬಿದ್ದುಕೊಂಡೇ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ನ್ಯಾಯ ಅಂತ. ಬರೆದಿಟ್ಟ ಮಾತಲ್ಲ ಅದು, ಆ ಹೊತ್ತಿಗೆ ಹುಟ್ಟುವ ಮಾತು. ರಾಮನಾದವನು ಅಲ್ಲೇ ಉತ್ತರ ಹುಡುಕಬೇಕು. ಇದನ್ನು ಕೇಳಲು ಜನ ಗಂಟೆಗಟ್ಟಲೆ ಕೂರುತ್ತಾರೆ, ಒಂದು ಒಳ್ಳೆಯ ಮರುಪ್ರಶ್ನೆಗೆ ಸಭೆಯಿಡೀ ನೆಟ್ಟಗಾಗುತ್ತದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ ಹಿರಿಯರು ಅವರ ವಾದವನ್ನು ಇಂದಿಗೂ ಎಳೆ ಎಳೆಯಾಗಿ ಬಿಡಿಸಿ ಹೇಳುತ್ತಾರೆ. ಬರೀ ವಾದ ಕೇಳಿ ಇಷ್ಟು ಸುಖಪಡುವ ಕಲೆ ಬೇರೆಲ್ಲಿದೆ ಹೇಳಿ. ನನಗೆ ಇದರ ಬಗ್ಗೆ ದೊಡ್ಡ ಹೆಮ್ಮೆ ಇದೆ.

ಆದರೆ ಕಣ್ಣಿನ ವಿಷಯಕ್ಕೆ ಬಂದಾಗ ನಾವು ಹಿಂದೆ.

ನಮ್ಮ ಕಡೆ ತೆಯ್ಯಂ, ಅಂದರೆ ವೇಷ ಕಟ್ಟಿ ಕುಣಿಯುವ ದೈವಾರಾಧನೆ, ನಡೆಯುವಾಗ ಮಲಯಾಳಿಗಳು ಅದು ಹೊರಗೆ ಬರುವ ಮೊದಲೇ ಹೋಗಿ ನಿಲ್ಲುತ್ತಾರೆ, ಮುಖ ಬರೆಯುವುದನ್ನು ನೋಡಲು. ವೇಷ ಕಟ್ಟುವವನು ನೆಲದಲ್ಲಿ ಅಂಗಾತ ಮಲಗಿರುತ್ತಾನೆ. ಇನ್ನೊಬ್ಬ ತಲೆಯ ಬಳಿ ಕೂತು ತೆಂಗಿನ ಗರಿಯ ಕಡ್ಡಿಯಿಂದ ಗೆರೆ ಎಳೆಯುತ್ತಾನೆ. ಕೂದಲೆಳೆಯಷ್ಟು ಸಣ್ಣ ಗೆರೆಗಳು. ಯಾವ ದೈವಕ್ಕೆ ಯಾವ ಬರವಣಿಗೆ ಅನ್ನುವುದು ಅಲ್ಲಿ ನಿಂತ ಮಕ್ಕಳಿಗೂ ಗೊತ್ತಿರುತ್ತದೆ. ನಮ್ಮವರು ಆ ಹೊತ್ತಿಗೆ ಊಟದ ಚಪ್ಪರದಲ್ಲಿ ಮಾತಾಡುತ್ತಾ ಇರುತ್ತಾರೆ. ಮಾತು ಚೆನ್ನಾಗಿಯೇ ಇರುತ್ತದೆ, ಆ ಮಾತು ಬೇರೆ.

ವೇಷಗಳ ಕೆಂಪು ಬಣ್ಣವನ್ನೇ ತೆಗೆದುಕೊಳ್ಳಿ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪು ಬರುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಾಗಿದ ಕೂಡಲೇ ಬಣ್ಣ ಬದಲಿಸುತ್ತದೆ. ಅದೇ ನೀರಿಗೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಮದುಮಕ್ಕಳಿಗೆ ಆರತಿ ಎತ್ತುವಾಗ ನಮ್ಮ ಮನೆಗಳಲ್ಲಿ ಮಾಡುವುದೂ ಇದೇ ಕೆಂಪು ನೀರು. ಶಾಲೆಯಲ್ಲಿ ಪ್ರಯೋಗ ಅಂತ ಮಾಡಿ ತೋರಿಸುವುದನ್ನು ನಮ್ಮ ಅಜ್ಜಿಯಂದಿರು ತಟ್ಟೆಯಲ್ಲಿ ದಿನಾ ಮಾಡುತ್ತಿದ್ದರು. ನಿಂಬೆ ಹಿಂಡಿ ನೋಡಿದ ಮಗುವಿನ ಮುಖ ಅರಳುವುದನ್ನು ಒಮ್ಮೆ ನೋಡಬೇಕು ನೀವು.

ಬೆಂಗಳೂರಿನಿಂದ ಬರುವ ನೆಂಟರು ಮೊದಲು ಕೇಳುವುದು ಬೇಕಲ ಕೋಟೆ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂದ ಕೂಡಲೇ ಅವರಿಗೆ ಸಂತೋಷ. ಸಮುದ್ರದ ಎದುರು ನಿಂತು ಫೋಟೋ, ಮತ್ತೆ ಕಾರು. ಕೋಟೆಯ ಗೋಡೆಯ ಕಿಂಡಿಗಳನ್ನು ಯಾರೂ ನೋಡುವುದಿಲ್ಲ. ಮೇಲಿನ ಕಿಂಡಿ ದೂರದ ಶತ್ರುವಿಗೆ ಗುರಿಯಿಡಲು. ಅದರ ಕೆಳಗಿನದು ಹತ್ತಿರ ಬಂದವನಿಗೆ. ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದುಬಿಟ್ಟವನಿಗೆ. ಕಣ್ಣಿಟ್ಟು ಬಗ್ಗಿ ನೋಡಿದರೆ ಕಟ್ಟಿದವನ ತಲೆ ಹೇಗೆ ಓಡಿತ್ತು ಅಂತ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಯಾವ ಗೈಡೂ ಬೇಡ.

ಆ ಕೋಟೆ ಕಟ್ಟಿದ ಕೆಂಪು ಮುರಕಲ್ಲಿನದೂ ಒಂದು ಕತೆ. ನೆಲದೊಳಗೆ ಇರುವಾಗ ಮೆತ್ತಗೆ, ಕಬ್ಬಿಣದ ಹತ್ಯಾರಿನಿಂದ ಕಡಿದು ತೆಗೆಯಬಹುದು. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರಂನಲ್ಲಿ ಈ ಕಲ್ಲನ್ನು ನೋಡಿ, 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟ. ಆ ಹೆಸರು ಜಗತ್ತಿಗೆಲ್ಲ ಹೋಯಿತು. ಅಂಗಡಿಪುರಂನಲ್ಲಿ ಈ ಕಲ್ಲಿಗೆ ಸ್ಮಾರಕವೇ ಇದೆ. ನಮ್ಮ ಮನೆಯ ಗೋಡೆ, ಬಾವಿಕಟ್ಟೆ, ಕಾಂಪೌಂಡು ಎಲ್ಲ ಇದರದ್ದೇ.

ಇದೇ ಕಲ್ಲಿನ ಗುಡ್ಡದೊಳಗೆ ನಮ್ಮ ಹಿರಿಯರು ಸುರಂಗ ತೋಡಿದರು. ಬಾಯಾರು, ಪಡ್ರೆ, ಎಣ್ಮಕಜೆ ಕಡೆ ಹೋದರೆ ತೋಟ ತೋಟಕ್ಕೂ ಇದೆ. ಒಬ್ಬ ಮನುಷ್ಯ ನಡೆದುಹೋಗುವಷ್ಟೇ ಅಗಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡುತ್ತಾ ಹೋಗುತ್ತಾರೆ. ನೀರು ಜಿನುಗಿ, ಇಳಿಜಾರಿನಲ್ಲಿ ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಹಗ್ಗ ಬೇಡ, ಕರೆಂಟು ಬೇಡ. ಒಳಗೆ ಗಾಳಿ ಸಾಕಾ ಅಂತ ತಿಳಿಯಲು ದೀಪ ಹಚ್ಚಿಕೊಂಡು ಹೋಗುತ್ತಿದ್ದರು. ದೀಪ ಮಂಕಾದರೆ ಹಿಂದೆ ಬರಬೇಕು. ಇರಾನಿನವರು ಇಂಥದ್ದೇ ನೀರಿನ ಸುರಂಗಗಳನ್ನು ಖನಾತ್ ಅನ್ನುತ್ತಾರೆ. 2016ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಮ್ಮಲ್ಲಿ ಕೇಳಿದರೆ, "ಅದರಲ್ಲೇನು ವಿಶೇಷ ಮಾರಾಯ್ರೇ, ಎಲ್ಲರ ತೋಟದಲ್ಲೂ ಉಂಟಲ್ಲ" ಅನ್ನುತ್ತಾರೆ. ಎಲ್ಲರ ತೋಟದಲ್ಲೂ ಇರುವುದೇ ವಿಶೇಷ ಅಲ್ವಾ?

ನೋಡುವುದು ಅಭ್ಯಾಸದಿಂದ ಬರುತ್ತದೆ. ಕೇರಳದವರು ಅದನ್ನು ಶಾಲೆಯಲ್ಲೇ ಹಿಡಿಸುತ್ತಾರೆ. ರಾಜ್ಯ ಶಾಲಾ ಕಲೋತ್ಸವ 1957ರಿಂದ ನಡೆಯುತ್ತಿದೆ. 2019ರಲ್ಲಿ 60ನೆಯ ಕಲೋತ್ಸವ ನಮ್ಮ ಕಾಞಂಗಾಡಿಗೇ ಬಂದಿತ್ತು. ಗೆದ್ದ ಜಿಲ್ಲೆಗೆ 117.5 ಪವನಿನ (ಪವನು ಅಂದರೆ ಎಂಟು ಗ್ರಾಂ) ಚಿನ್ನದ ಕಪ್ಪು. ಸ್ಪರ್ಧೆಗಳಲ್ಲಿ ಯಕ್ಷಗಾನವೂ ಇದೆ, ಕನ್ನಡ ಕವಿತೆ ಹೇಳುವುದೂ ಇದೆ. ಮಕ್ಕಳಿಗೆ ಸಂಬಂಧವೇ ಇಲ್ಲದವರು ಕೂಡ ಕೆಲಸ ಬಿಟ್ಟು ನೋಡಲು ಹೋಗುತ್ತಾರೆ. ಕರ್ನಾಟಕದಲ್ಲಿ ಪ್ರತಿಭಾ ಕಾರಂಜಿ ಇದೆ, ಒಳ್ಳೆಯದೇ. ಆದರೆ ಊರಿಗೆ ಊರೇ ಸೇರುವ ಹಬ್ಬ ಅದಾಗಿಲ್ಲ. ಕೇರಳದ್ದರಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಅಂಕ, ಗ್ರೇಡು, ಅಪೀಲು ಅಂತ ಹೊಡೆದಾಟ ವಿಪರೀತ. ರಾತ್ರಿಯಿಡೀ ಆಡುವ ಆಟವನ್ನು ನಿಮಿಷ ಎಣಿಸಿ ಆಡಿಸಿದರೆ ಅರ್ಥಗಾರಿಕೆ ಸೊರಗುತ್ತದೆ. ಮಾತು ಬೆಳೆಯಲು ಹೊತ್ತು ಬೇಕು. ಆ ತಾಳ್ಮೆಯನ್ನು ಅವರು ನಮ್ಮಿಂದ ಕಲಿಯಬಹುದು.

ಇನ್ನೊಂದು ಮಾತು. ಕೇರಳದ ಪಾಲಕ್ಕಾಡಿನ ಹತ್ತಿರ ಮಲಂಪುಳ ಅಣೆಕಟ್ಟಿನ ತೋಟದಲ್ಲಿ ಕಾಲು ಚಾಚಿ ಕೂತ ಯಕ್ಷಿಯ ದೊಡ್ಡ ಶಿಲ್ಪ ಇದೆ, 1969ರದ್ದು. ಬಟ್ಟೆಯಿಲ್ಲದ ಆ ಹೆಣ್ಣಿನ ಬಗ್ಗೆ ಆಗ ಜಗಳ ಆಯಿತು, ಆದರೂ ಶಿಲ್ಪ ಉಳಿಯಿತು. ಈಗ ಸಂಸಾರ ಸಮೇತ ಹೋಗಿ ನೋಡುತ್ತಾರೆ. ಮಾಡಿದವರು ಕಾನಾಯಿ ಕುಂಞಿರಾಮನ್, ನಮ್ಮದೇ ಜಿಲ್ಲೆಯ ಚೆರುವತ್ತೂರು ಕಡೆಯವರು. ನಮ್ಮ ಕನ್ನಡ ಸಭೆಗಳಲ್ಲಿ ಗೋವಿಂದ ಪೈಗಳನ್ನು, ಕಯ್ಯಾರರನ್ನು ನೆನೆಯದ ದಿನವಿಲ್ಲ, ನೆನೆಯಲೇಬೇಕು. ಈ ಶಿಲ್ಪಿಯ ಹೆಸರನ್ನು ಮಾತ್ರ ಅಲ್ಲಿ ನಾನು ಕೇಳಿಲ್ಲ. ಊರಿನ ಕವಿ ನಮ್ಮವನಾದರೆ ಊರಿನ ಶಿಲ್ಪಿಯೂ ನಮ್ಮವನೇ.

ಇಲ್ಲಿನ ಕನ್ನಡ ಶಾಲೆಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ. ಮಕ್ಕಳನ್ನು ವರ್ಷಕ್ಕೊಮ್ಮೆ ಮೈಸೂರಿಗೆ ಕರೆದುಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಹತ್ತಿರದ ಒಂದು ಸುರಂಗದ ಬಾಯಿಗೂ ಕರೆದುಕೊಂಡು ಹೋಗಿ. ಅಡಿಕೆ ಹಾಳೆಯಿಂದ ಮುಟ್ಟಾಳೆ (ಟೊಪ್ಪಿ) ಕಟ್ಟುವವರನ್ನು ಶಾಲೆಗೆ ಕರೆಸಿ, ಎಲ್ಲಿ ಮಡಚುತ್ತಾರೆ, ಯಾಕೆ ಅಲ್ಲೇ ಮಡಚುತ್ತಾರೆ ಅಂತ ಮಕ್ಕಳೇ ಕೇಳಲಿ. ಖರ್ಚೇನೂ ಇಲ್ಲ.

ಗಡಿಯಾಚೆಯಿಂದ ನಮ್ಮ ಮಧೂರಿನ ಗಣಪತಿ ದೇವಸ್ಥಾನಕ್ಕೆ ಬರುವವರಲ್ಲೂ ಒಂದು ಮಾತು. ಅಪ್ಪ ಪ್ರಸಾದ ಸಿಕ್ಕಿದ ಕೂಡಲೇ ಕಾರಿನ ಕಡೆ ಓಡಬೇಡಿ. ಹೊರಗಿನಿಂದ ಗುಡಿಗೆ ಒಂದು ಸುತ್ತು ಬನ್ನಿ. ಮುಂದಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಹಿಂಬದಿಗೆ ಹೋದಾಗ ತಾಮ್ರ ಹೊದಿಸಿದ ಮಾಡು ಆನೆ ಕೂತ ಹಾಗೆ ಗುಂಡಗೆ ಬಾಗಿರುವುದು ಕಾಣುತ್ತದೆ. ಗಜಪೃಷ್ಠ ಅನ್ನುತ್ತಾರೆ ಅದಕ್ಕೆ. ಅಂತಸ್ತಿನ ಮೇಲೆ ಅಂತಸ್ತು, ಮೂರು. ಮಕ್ಕಳಿದ್ದರೆ ಹೆಸರು ಮೊದಲೇ ಹೇಳಬೇಡಿ, ಯಾವ ಪ್ರಾಣಿ ಅಂತ ಅವರನ್ನೇ ಕೇಳಿ.